ಕಾಶಿಯಲ್ಲಿ ತೆಗೆದ ಫೋಟೋ

ಬೆರಳುಗಳು ಬಿಗಿಯುವ ಮೊದಲೇ ಅಂಗೈ ಬಿಡಿಸಿ ಲಿಂಗ ಇಡಬೇಕೆಂದು ಹಾಲಸ್ವಾಮಿ ಅಯ್ಯನವರು ಅವಸರ ಮಾಡುತ್ತಿದ್ದರು. ಭಾಗ್ಯ, ತೀರಿಹೋದ ತನ್ನ ಅಕ್ಕನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸುತ್ತಿದ್ದಳು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಗಾಂಬಿಕಾಳ ತಲೆ ಮತ್ತೆ ಮತ್ತೆ ಒಂದು ಕಡೆಗೆ ವಾಲುತ್ತಿತ್ತು. ಸೋದರಮಾವ ಪಾಲಾಕ್ಷಪ್ಪ ಹಣೆಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ, ಅದರ ತುದಿಯನ್ನು ಗೋಡೆಯ ಮೊಳೆಗೆ ಬಿಗಿದ.

"ಕೊಟ್ಟೂರಿನವರು ಬಂದ್ರು!" ಎಂದು ಅಂಗಳದಿಂದ ಯಾರೋ ಕೂಗಿದರು.

ಭಾಗ್ಯಳ ಕೈಯಲ್ಲಿದ್ದ ಬೆರಳು ಲಟಕ್ಕನೆ ಸದ್ದು ಮಾಡಿತು. ಅಯ್ಯನವರು ಅವಳ ಮುಖ ನೋಡಿದರು. ಅವಳು ಏನೂ ಆಗಿಲ್ಲವೆಂಬಂತೆ ಲಿಂಗವನ್ನು ಅಂಗೈಯಲ್ಲಿಟ್ಟು, ಅದೇ ಬೆರಳುಗಳನ್ನು ಅದರ ಮೇಲೆ ಮಡಚಿದಳು.

ಗುರುಬಸವರಾಜ ಒಳಗೆ ಬಂದ. ಅಚ್ಚಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹಸಿರು ಸೀರೆ, ಹಸಿರು ಬಳೆ, ಮಲ್ಲಿಗೆಯ ದಂಡೆ. ತಾನೇ ಮನೆಯಿಂದ ಹೊರಗಟ್ಟಿದ ಹೆಂಡತಿಗೆ ಮುತ್ತೈದೆಯ ಸಾಮಾನು ತಂದಿದ್ದ. ಕುಳಿತ ಹೆಂಗಸರು ಸರಿದು ಅವನಿಗೆ ಅವಳ ಮಗ್ಗುಲಲ್ಲಿ ಜಾಗ ಬಿಟ್ಟರು.

"ಪುಣ್ಯ ಮಾಡಿದ್ಲವ್ವ. ಗಂಡನ ಕೈಲಿಂದ ಕುಂಕುಮ ಹಚ್ಚಿಸ್ಕೊಂಡು ಹೊಂಟಾಳ" ಎಂದಳು ಪಕ್ಕದ ಮನೆಯ ಹುಲುಗಮ್ಮ.

ಗುರುಬಸವರಾಜ ಕುಂಕುಮ ಹಚ್ಚಿದ. "ಗಂಗಾ" ಎಂದ. ಟವೆಲ್ಲಿನ ತುದಿಯಿಂದ ಕಣ್ಣೊತ್ತಿಕೊಂಡ. ಭಾಗ್ಯ ಎದ್ದು ಹಿತ್ತಲಿಗೆ ನಡೆದಳು. ಅವಳು ತೊಟ್ಟಿಯ ನೀರಿನಲ್ಲಿ ಕೈ ತೊಳೆಯುತ್ತಿರುವಾಗ ಹಿಂದೆಯೇ ಅವನ ಹೆಜ್ಜೆಯ ಸಪ್ಪಳ ಕೇಳಿಸಿತು.

"ಭಾಗ್ಯ, ಒಂದ್ ಮಾತು. ಆ ಡಿಸ್ಕ್ ಎಲ್ಲೈತಿ?"

"ಆಕಿ ಇನ್ನ ಮಣ್ಣಾಗಿಲ್ಲ ಭಾವ."

"ಗೊತ್ತೈತಿ. ನಾನೇನು ಬಂಗಾರ ಕೇಳಾಕ ಬಂದಿಲ್ಲ. ನಮ್ಮವ್ವಂದು ಫೋಟೋ ಅದ್ರಾಗ ಅದಾವು, ಕಾಶ್ಯಾಗ ತೆಗೆದದ್ದು. ಬ್ಯಾರೆ ಒಂದೂ ಇಲ್ಲ. ವರ್ಷಾ ವರ್ಷಾ ಅವ್ವನ ಹೆಸರಿಲೆ ಎಡಿ ಹಿಡಿತೀನಿ, ಬರೇ ಗ್ವಾಡಿಗೆ ಹಿಡಿತೀನಿ. ಮಗಳು ಮಾತಾಡಾಕ ಕಲ್ತೈತಿ. ಅಜ್ಜಿ ಹೆಂಗಿದ್ಲು ಅಂತ ಕೇಳಿದ್ರ ಏನ್ ತೋರಿಸ್ಲಿ?"

ಅವನ ಕಣ್ಣಲ್ಲಿ ಈಗ ನಿಜವಾಗಿ ನೀರು ಬಂದಿತ್ತು. ಒಳಗೆ ಹೆಂಡತಿಯ ಮುಂದೆ ಒತ್ತಿಕೊಂಡಾಗ ಟವೆಲ್ಲು ಒಣಗಿಯೇ ಇದ್ದದ್ದನ್ನು ಭಾಗ್ಯ ನೋಡಿದ್ದಳು.

"ಮೊದ್ಲು ಮಣ್ಣಾಗ್ಲಿ. ಆಮ್ಯಾಲೆ ನಿಮ್ಮದು ನಿಮಗ ಸೇರ್ತೈತಿ" ಎಂದಳು.

ಅವನು ಕೈಮುಗಿದು ಒಳಗೆ ಹೋದ. ಕೊಡಬೇಕೆಂದೇ ಹಾಗೆ ಹೇಳಿದಳೋ, ಸದ್ಯಕ್ಕೆ ಅವನು ಕಣ್ಣೆದುರಿನಿಂದ ತೊಲಗಿದರೆ ಸಾಕೆಂದು ಹೇಳಿದಳೋ, ಅವಳಿಗೇ ಆಗ ಗೊತ್ತಿರಲಿಲ್ಲ.

*

೨೦೦೪ರಲ್ಲಿ ಕೊಟ್ಟೂರಿನಿಂದ ಹೊರಟ ಕಾಶಿ ಯಾತ್ರೆಯ ಬಸ್ಸಿನಲ್ಲಿ ಭಾಗ್ಯಳೂ ಇದ್ದಳು. ಆ ಹೊತ್ತಿಗೆ ಭಾವ ರೀಲಿನ ಕ್ಯಾಮೆರಾ ಬಿಟ್ಟು ಡಿಜಿಟಲ್ ಹಿಡಿದಿದ್ದ. ಯಾತ್ರೆಯವರ ಜೊತೆಗೇ ಹೋಗಿ, ಪ್ರತಿ ಕ್ಷೇತ್ರದಲ್ಲಿ ಅವರ ಫೋಟೋ ತೆಗೆದು, ಬಸ್ಸು ತಿರುಗಿ ಊರು ಮುಟ್ಟುವಷ್ಟರಲ್ಲಿ ಎಲ್ಲವನ್ನೂ ಸಿದ್ಧ ಮಾಡಿ ಸೀಡಿಯಲ್ಲಿ ಕೊಡುವುದು ಅವನ ಹೊಸ ಕಸುಬು. ತೆಗೆಯುವವನು ಅವನು. ಸಿದ್ಧ ಮಾಡುವವಳು ಅಕ್ಕ. ಮದುವೆಗೆ ಮುಂಚೆ ಹರಪನಹಳ್ಳಿಯಲ್ಲಿ ಕಂಪ್ಯೂಟರ್ ಕಲಿತಿದ್ದವಳು ಅವಳೇ.

ಕ್ಯಾಮೆರಾದ ಕಾರ್ಡು ಚಿಕ್ಕದು, ಒಂದು ಗುಡಿ ಮುಗಿಯುವಷ್ಟರಲ್ಲಿ ತುಂಬಿಬಿಡುತ್ತಿತ್ತು. ಮುಂದಿನ ಗುಡಿ ಬರುವುದರೊಳಗೆ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ಖಾಲಿ ಮಾಡಿ ಕೊಡಬೇಕು. ಲ್ಯಾಪ್‌ಟಾಪು ಯಾರೋ ಬಳಸಿ ಬಿಟ್ಟದ್ದು, ಬ್ಯಾಟರಿ ನಿಲ್ಲುತ್ತಿರಲಿಲ್ಲ. ಡ್ರೈವರ್ ಹುಲುಗಣ್ಣ ಬಸ್ಸಿನ ಬ್ಯಾಟರಿಗೆ ಇನ್ವರ್ಟರ್ ಹಚ್ಚಿ, ಸೀಟುಗಳ ಕೆಳಗಿನಿಂದ ಹಿಂದಿನ ಸೀಟಿನ ತನಕ ವೈರು ಎಳೆದುಕೊಟ್ಟಿದ್ದ. ಅಕ್ಕ ತೊಡೆಯ ಮೇಲೆ ತಲೆದಿಂಬು, ಅದರ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂರುತ್ತಿದ್ದಳು. ಮೌಸಿಗೆ ಜಾಗವಿಲ್ಲವೆಂದು ಅತ್ತೆ ದಾಕ್ಷಾಯಣಮ್ಮ ಪಕ್ಕದಲ್ಲಿ ಕುಳಿತು ಉಣ್ಣುವ ಸ್ಟೀಲಿನ ತಾಟನ್ನು ಬೋರಲು ಹಿಡಿದುಕೊಂಡಿರುತ್ತಿದ್ದಳು.

ರಸ್ತೆ ಕೆಟ್ಟಿದ್ದಾಗ ಆರಿಸುವ ಕೆಲಸ. ಕಣ್ಣು ಮುಚ್ಚಿದ್ದು, ಬೆನ್ನು ತಿರುಗಿಸಿದ್ದು, ಅಲುಗಾಡಿ ಮಸುಕಾದದ್ದು ಅಳಿಸಿ, ಉಳಿದದ್ದನ್ನು ಯಾತ್ರಿಕರ ಊರೂರಿನ ಹೆಸರಿನಲ್ಲಿ ಬೇರೆ ಮಾಡಿಡುತ್ತಿದ್ದಳು. ಹಂಪಸಾಗರದವರದು ಒಂದು, ಉಜ್ಜಿನಿಯವರದು ಒಂದು. ಅಂಚು ಕತ್ತರಿಸುವ, ಮುಖ ತಿದ್ದುವ, ಕೈ ನಡುಗಬಾರದ ಕೆಲಸವನ್ನು ರೈಲ್ವೆ ಗೇಟು ಬಿದ್ದಾಗ, ಚಹಾಕ್ಕೆ ನಿಲ್ಲಿಸಿದಾಗ ಮಾಡುತ್ತಿದ್ದಳು. ಒಮ್ಮೊಮ್ಮೆ ಹಿಂದಿನಿಂದಲೇ ಕೂಗುತ್ತಿದ್ದಳು: "ಹುಲುಗಣ್ಣಾ, ಚೂರು ನಿಧಾನ! ಗೌಡ್ರ ಕಿವಿ ಹಾರಿ ಹೋಗ್ತೈತಿ!" ಬಸ್ಸಿಗೆ ಬಸ್ಸೇ ನಗುತ್ತಿತ್ತು. ಹುಲುಗಣ್ಣ ನಿಧಾನ ಮಾಡುತ್ತಿದ್ದ. ಭಾವ ಮುಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದ. ಇಳಿದಲ್ಲೆಲ್ಲ ಜನ ಅವನ ಬೆನ್ನು ತಟ್ಟಿ, "ಕೈಗುಣ ಅಂದ್ರ ನಿಂದಪ್ಪ" ಎನ್ನುತ್ತಿದ್ದರು.

ಕಾಶಿಯಲ್ಲಿ ದಾಕ್ಷಾಯಣಮ್ಮ ಗಂಗೆಯಲ್ಲಿ ಮುಳುಗೆದ್ದು ಒದ್ದೆ ಸೆರಗು ಹೊದ್ದು ಮೆಟ್ಟಿಲ ಮೇಲೆ ನಿಂತಳು. "ನಂದೊಂದು ತೆಗಿಯಪ್ಪ" ಎಂದಳು ಮಗನಿಗೆ. "ನಿಂದು ಊರಾಗ ತೆಗದ್ರಾತು ತಡಿ, ಮಂದಿ ಕಾಯಾಕತ್ತ್ಯಾರ" ಎಂದ ಭಾವ. ಅಕ್ಕ ಹೋಗಿ ಅವನ ಕೊರಳಿನಿಂದ ಕ್ಯಾಮೆರಾ ಬಿಡಿಸಿಕೊಂಡು ಬಂದು ತಾನೇ ತೆಗೆದಳು. ಬಿಸಿಲು ಬೆನ್ನ ಹಿಂದಿದ್ದುದರಿಂದ ಮುಖ ಕಪ್ಪಾಗಿ ಬಂತು. ತಿರುಗಿ ಬರುವಾಗ ಮುದುಕಿ ಪರದೆಯಲ್ಲಿ ತನ್ನನ್ನು ನೋಡಿಕೊಂಡು ಗಾಬರಿಯಾದಳು.

"ಯವ್ವ, ಇಷ್ಟು ಕರಕ್ಲಾಗೀನೇನ ನಾನು?"

"ಕರಕ್ಲು ಮಾಡಿದ್ದು ಬಿಸಿಲು ಅತ್ತಿ. ತಾಟು ಗಟ್ಟಿ ಹಿಡೀರಿ, ಸರಿ ಮಾಡ್ತೀನಿ."

ಮುಂದಿನ ಮಳೆಗಾಲದಲ್ಲಿ ದಾಕ್ಷಾಯಣಮ್ಮ ತೀರಿಕೊಂಡಳು. ಊರಿನಲ್ಲಿ ತೆಗೆಯುವ ಫೋಟೋ ತೆಗೆಯದೇ ಉಳಿಯಿತು.

*

ಹೊತ್ತು ಏರಿತು. ಗಂಗಾಂಬಿಕಾಳನ್ನು ಹೊರಗೆ ತಂದು ಅಂಗಳದ ಚಪ್ಪರದಡಿ ಕುರ್ಚಿಯಲ್ಲಿ ಕೂರಿಸಿದರು. ಹರಪನಹಳ್ಳಿಯಿಂದ ಮಂಜಣ್ಣ ಕ್ಯಾಮೆರಾ ತಂದಿದ್ದ. ಗಂಡನ ಮನೆ ಬಿಟ್ಟು ಅಲ್ಲೇ ಹತ್ತಿರದ ತವರು ಅರಸೀಕೆರೆಗೆ ಬಂದ ಮೇಲೆ ಗಂಗಾಂಬಿಕಾಳಿಗೆ ಕೆಲಸ ಕೊಟ್ಟವನು ಅವನು. ಮದುವೆ ಫೋಟೋಗಳನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದ, ಅವಳು ತಿದ್ದಿ ಅದೇ ಬಸ್ಸಿಗೆ ಹಿಂದಕ್ಕೆ ಕಳಿಸುತ್ತಿದ್ದಳು.

"ಮನಿಯವರು ಆಜೂಬಾಜೂ ನಿಂದರ್ರಿ" ಎಂದ ಮಂಜಣ್ಣ. ಗುರುಬಸವರಾಜ ಹೆಂಡತಿಯ ಬಲಕ್ಕೆ ಬಂದು, ಅವಳ ಹೆಗಲ ಮೇಲೆ ಕೈಯಿಟ್ಟು ನಿಂತ. ಭಾಗ್ಯ ಎಡಕ್ಕೆ ನಿಂತಳು. ಮಂಜಣ್ಣ ಇನ್ನೂ ಕಣ್ಣು ಕಿರಿದು ಮಾಡುತ್ತಿದ್ದ, ಅಷ್ಟರಲ್ಲಿ ಗೇಟಿನ ಬಳಿ ಹುಲುಗಣ್ಣ ಕಾಣಿಸಿದ. ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು, ಎಲೆಯಲ್ಲಿ ಸೇವಂತಿಗೆ ಹಿಡಿದುಕೊಂಡು ನಿಂತಿದ್ದ. ಬಸ್ಸಿನ ಕೆಲಸ ಹೋದ ಮೇಲೆ ಕೂಡ್ಲಿಗಿ ಕಡೆ ಯಾರದೋ ಟ್ರ್ಯಾಕ್ಟರು ಓಡಿಸುತ್ತಾನೆಂದು ಭಾಗ್ಯ ಕೇಳಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು.

"ಅವ್ನು ಯಾಕ ಬಂದಾನಿಲ್ಲಿ?" ಗುರುಬಸವರಾಜನ ದನಿ ಏರಿತು.

ಮಂಜಣ್ಣ ಕ್ಯಾಮೆರಾ ಕೆಳಗಿಳಿಸಿದ.

"ಹೂ ಹಾಕಿ ಹೋಗ್ತೀನ್ರಿ" ಎಂದ ಹುಲುಗಣ್ಣ. "ನಮ್ಮವ್ವ ಕಾಶಿಗೆ ಬಂದಾಕಿ ಅಲ್ಲ. ಆದ್ರೂ ಆಕಿ ಫೋಟೋ ಮಾಡಿಕೊಟ್ಟಿದ್ರು ಅಕ್ಕಾರು. ಅಷ್ಟೇರಿ."

"ನೋಡ್ರಪ, ಸತ್ತ ಮ್ಯಾಲೂ ಬಿಡವಲ್ಲ! ಇಷ್ಟು ಮಂದ್ಯಾಗ ನನ್ನ ಮರ್ಯಾದಿ ಏನಾಗ್ಬೇಕು?"

"ಬರ್ರಿ ಹುಲುಗಣ್ಣ" ಎಂದಳು ಭಾಗ್ಯ. "ನಿಮ್ಮ ಕೈಯಾರೆ ಹಾಕ್ರಿ."

ಪಾಲಾಕ್ಷಪ್ಪ ಅವಳ ರಟ್ಟೆ ಹಿಡಿದ. "ಭಾಗ್ಯ, ಸುಮ್ನಿರು. ಹೆಣ ಇಟ್ಕೊಂಡು ಗದ್ಲ ಬ್ಯಾಡ. ಏನಾದ್ರೂ ಅವ್ರು ಗಂಡ."

ಹಿರಿಯರು ತಲೆ ತಗ್ಗಿಸಿದರು. ಬೇರೆ ಯಾರೂ ಹುಲುಗಣ್ಣನನ್ನು ಒಳಗೆ ಕರೆಯಲಿಲ್ಲ. ಭಾಗ್ಯ ರಟ್ಟೆ ಬಿಡಿಸಿಕೊಂಡು ಗೇಟಿನ ತನಕ ಹೋದಳು. ಅವನು ಅವಳ ಕೈಗೆ ಹೂವಿನ ಎಲೆ ಕೊಟ್ಟು, ಅಲ್ಲಿಂದಲೇ ಗಂಗಾಂಬಿಕಾಳ ಕಡೆ ಕೈ ಮುಗಿದು ತಿರುಗಿದ. ಅವನು ರಸ್ತೆ ದಾಟುವ ತನಕ ಗುರುಬಸವರಾಜ ನೋಡುತ್ತಿದ್ದ. ಆಮೇಲೆ ಮತ್ತೆ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ.

"ಹ್ಞಾ, ತೆಗಿಯಪ್ಪ" ಎಂದ.

*

ಆ ಕೈ ಇನ್ನೊಂದು ಫೋಟೋವನ್ನೂ ಮಾಡಿತ್ತು. ದಾಕ್ಷಾಯಣಮ್ಮ ತೀರಿದ ಕೆಲವೇ ತಿಂಗಳಿಗೆ ಕೊಟ್ಟೂರಿನ ಮನೆಯ ಪಡಸಾಲೆಯಲ್ಲಿ ಹಿರಿಯರನ್ನು ಕೂಡಿಸಿ ಗುರುಬಸವರಾಜ ಅದನ್ನು ಕೈಯಿಂದ ಕೈಗೆ ದಾಟಿಸಿದ. ಬಸ್ಸಿನ ಹಿಂದಿನ ಸೀಟು. ಹುಲುಗಣ್ಣನ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ ಗಂಗಾಂಬಿಕಾ. ನಿಜದಲ್ಲಿ ಅವಳ ತಲೆ ಒರಗಿದ್ದು ಅತ್ತೆಯ ಹೆಗಲ ಮೇಲೆ, ಆ ಫೋಟೋ ತೆಗೆದವಳು ಭಾಗ್ಯಳೇ. ದಾಕ್ಷಾಯಣಮ್ಮನನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಮಗ ಡ್ರೈವರನನ್ನು ಕೂರಿಸಿದ್ದ. ಹಗರಿಬೊಮ್ಮನಹಳ್ಳಿಯ ಮದುವೆಯೊಂದರಲ್ಲಿ ಕಂಡ ಗೀತಾಳನ್ನು ಎರಡನೆಯ ಹೆಂಡತಿಯಾಗಿ ಮನೆಗೆ ತರಲು ಅವನಿಗೊಂದು ನೆಪ ಬೇಕಾಗಿತ್ತು.

ಭಾಗ್ಯ ಕಿರುಚಿದಳು, ಅತ್ತಳು. ಆ ಫೋಟೋ ನಾನೇ ತೆಗೆದದ್ದು ಎಂದು ಆಣೆ ಮಾಡಿದಳು. ತಂಗಿಯ ಮಾತೆಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕ ಮಾತ್ರ ಅಳಲಿಲ್ಲ. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ನಕ್ಕುಬಿಟ್ಟಳು.

"ಇಷ್ಟು ವರ್ಷ ಕಲಿಸಿದೆ, ಕೂದ್ಲು ಕತ್ತರಿಸಾಕ ಇನ್ನೂ ಬರಲಿಲ್ಲಲ್ರಿ ನಿಮಗ. ನೋಡ್ರಿ, ನನ್ನ ಅರ್ಧ ಜಡಿ ಎಲ್ಲಿ ಹೋತು?"

ಹಿರಿಯರಿಗೆ ಜಡೆ ಕಾಣಲಿಲ್ಲ, ನಗುವೊಂದೇ ಕಂಡಿತು. ನಾಚಿಕೆಗೆಟ್ಟವಳು ಎಂದರು. ಹುಲುಗಣ್ಣನ ಕೆಲಸ ಹೋಯಿತು. ಭಾಗ್ಯಳನ್ನು ನೋಡಿ ಒಪ್ಪಿದ್ದ ಹಡಗಲಿಯ ಕಡೆಯವರು ಹೂವು ಮುಡಿಸಿದ್ದ ಶಾಸ್ತ್ರವನ್ನು ಮುರಿದು, ಸೀರೆ ವಾಪಸು ಕೇಳಿ ತರಿಸಿಕೊಂಡರು. ಆ ಹುಡುಗ ಎರಡು ಸಲ ಅವಳ ಜೊತೆ ಮಾತಾಡಿದ್ದ. ಅವನ ದನಿ ಈಗಲೂ ಅವಳಿಗೆ ನೆನಪಿತ್ತು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ತಂದೆ ತಾಯಿ ಇಲ್ಲದ ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ ಉಳಿದರು. ಭಾಗ್ಯ ಅಂಗನವಾಡಿಯಲ್ಲಿ ಊರಿನವರ ಮಕ್ಕಳ ಮೂಗು ಒರೆಸಿದಳು.

ಅಕ್ಕ ತನ್ನ ಸೇಡನ್ನು ತನ್ನದೇ ರೀತಿಯಲ್ಲಿ ತೀರಿಸಿದಳು. ಮನೆ ಬಿಡುವಾಗ ಅವಳು ತಂದದ್ದು ಲ್ಯಾಪ್‌ಟಾಪು ಮತ್ತು ಎಲ್ಲ ಯಾತ್ರೆಗಳ ಫೋಟೋ ತುಂಬಿದ ಆ ಡಿಸ್ಕು, ಇವೆರಡೇ. ಹಂಪಸಾಗರ, ಉಜ್ಜಿನಿ ಎಂದು ಊರೂರು ಬಸ್ಸಿನಲ್ಲಿ ತಿರುಗಿ, ದಾರಿಯಲ್ಲೇ ಫೋಟೋಗಳನ್ನು ಇನ್ನಷ್ಟು ಚೆಂದ ಮಾಡಿ, ಯಾತ್ರೆಗೆ ಬಂದವರ ಮನೆಮನೆಗೆ ಕೊಟ್ಟಳು. ಕೈಗುಣ ಯಾರದ್ದೆಂದು ಜನಕ್ಕೆ ಆಗ ತಿಳಿಯಿತು. ಮರುವರ್ಷದ ಯಾತ್ರೆಗೆ ಗುರುಬಸವರಾಜನನ್ನು ಯಾರೂ ಕರೆಯಲಿಲ್ಲ. ಎಲ್ಲರದೂ ಕೊಟ್ಟಾದ ಮೇಲೆ ಒಂದೇ ಒಂದು ಹೆಸರಿನದು ಉಳಿಯಿತು. ಅತ್ತಿ ಎಂದು ಬರೆದದ್ದು.

ತಾಯಿಯ ವರ್ಷದ ಪೂಜೆ ಬಂದಾಗ ಗುರುಬಸವರಾಜ ಅದನ್ನು ಕೇಳಿಕೊಂಡು ಬಂದ. ಅಕ್ಕ ಬಾಗಿಲಲ್ಲೇ ನಿಲ್ಲಿಸಿದಳು.

"ನಿಮಗ ಜೋಡಸಾಕ ಬರ್ತೈತಲ್ಲ. ಯಾರದಾರ ಮೈಗೆ ಯಾರದಾರ ಮುಖ ಹಚ್ಚಿ ಅವ್ವನ್ನ ಮಾಡ್ಕೊಳ್ರಿ" ಎಂದಳು.

ಅವತ್ತು ಭಾಗ್ಯ ಹೋಳಿಗೆ ಮಾಡಿದ್ದಳು.

*

"ಉಡಿ ತುಂಬೋರು ಯಾರವ್ವ? ಹೊತ್ತಾತು" ಎಂದು ಅಯ್ಯನವರು ಕೂಗಿದರು.

ಮುತ್ತೈದೆ ಹೊರಡುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆಅಡಿಕೆ, ಕುಪ್ಪಸದ ಖಣ ಕಟ್ಟಿ ಕಳಿಸಬೇಕು. ಅದು ತವರಿನವರ ಕೆಲಸ. ಭಾಗ್ಯ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮರದ ಪೆಟ್ಟಿಗೆಯಲ್ಲಿ, ಅಕ್ಕನ ಸೀರೆಗಳ ನಡುವೆ ಡಿಸ್ಕು ಇತ್ತು. ಅಂಗೈಯಗಲದ ಕಪ್ಪು ಡಬ್ಬಿ.

ಅದನ್ನು ಎತ್ತಿಕೊಂಡಾಗ ದಾವಣಗೆರೆಯ ಬಸ್ಸು ನೆನಪಾಯಿತು. ಆಸ್ಪತ್ರೆಯಿಂದ ತಿರುಗಿ ಬರುತ್ತಿದ್ದರು. ಇನ್ನು ಔಷಧಿ ನಾಟುವುದಿಲ್ಲವೆಂದು ಡಾಕ್ಟರು ಹೇಳಿ ಕಳಿಸಿದ್ದರು. ಮಾರುವುದಕ್ಕೆಂದು ಆಗಲೇ ಮಾತಾಡಿದ್ದ ಲ್ಯಾಪ್‌ಟಾಪನ್ನು ಅಕ್ಕ ಕೊನೆಯ ಸಲ ತೊಡೆಯ ಮೇಲಿಟ್ಟುಕೊಂಡಿದ್ದಳು. ಕೆಳಗೆ ಅದೇ ತಲೆದಿಂಬು. ಕೈ ಕಡ್ಡಿಯಾಗಿತ್ತು. ಪರದೆಯಲ್ಲಿ ಗಂಗೆಯ ಮೆಟ್ಟಿಲು, ಒದ್ದೆ ಸೆರಗಿನ ದಾಕ್ಷಾಯಣಮ್ಮ. ಅಂದು ಅರ್ಧಕ್ಕೇ ಉಳಿದಿದ್ದ ಕೆಲಸ. ಅಕ್ಕ ಬಸ್ಸು ನಿಂತಾಗೆಲ್ಲ ಆ ಮುಖದ ಮೇಲೆ ಬೆಳಕು ತರುತ್ತಿದ್ದಳು. ಬಸ್ಸು ಎತ್ತಿ ಹಾಕಿದಾಗ ಕೈ ತೆಗೆದು ಕಾಯುತ್ತಿದ್ದಳು.

"ಎಷ್ಟು ಚೆಂದ ಆತು ನೋಡು" ಎಂದಳು. "ಮುಖ ತೊಳಕೊಂಡಂಗ ಆಗೈತಿ. ಇದೆಲ್ಲಾ ಡಿಸ್ಕಿನ್ಯಾಗ ಹಾಕಿರ್ತೀನಿ. ನಾ ಹೋದ ಮ್ಯಾಲೆ ಅವ್ರಿಗೆ ಕೊಟ್ಟುಬಿಡು."

"ಅವ್ನಿಗೆ? ಯಾಕ?"

"ಅತ್ತಿ ಏನ್ ಮಾಡಿದ್ರು ನಮಗ? ತಾಟು ಹಿಡ್ಕೊಂಡು ಕೈ ನೋಯಿಸ್ಕೊಂಡ್ರು. ಆಕಿ ಗ್ವಾಡಿ ಮ್ಯಾಲೆ ಇರ್ಲಿ. ನನಗ ಸಾಕಾಗೈತಿ ಭಾಗ್ಯ. ಕೊಡ್ತಿಯಿಲ್ಲ?"

ಭಾಗ್ಯ "ಹ್ಞೂಂ" ಎಂದಿದ್ದಳು.

ಈಗ ಆ ಹ್ಞೂಂ ಕಿವಿಯಲ್ಲಿ ಕೇಳುತ್ತಿತ್ತು. ಅದರ ಮೇಲೆ ಇನ್ನೊಂದು ದನಿಯೂ ಕೇಳುತ್ತಿತ್ತು: ಸತ್ತ ಮ್ಯಾಲೂ ಬಿಡವಲ್ಲ. ಅಕ್ಕನಿಗೆ ಸಾಕಾಗಿತ್ತು. ತನಗೆ ಸಾಕಾಗಿದೆಯೇ ಎಂದು ಯಾರು ಕೇಳಿದ್ದರು? ಭಾಗ್ಯ ಹಸಿರು ಖಣವನ್ನು ನೆಲಕ್ಕೆ ಹಾಸಿ, ಡಿಸ್ಕನ್ನು ನಡುವಿಟ್ಟು ನಾಲ್ಕೂ ಮೂಲೆ ಮಡಚಿದಳು.

ಹೊರಗೆ ಬಂದು ಅಕ್ಕನ ಸೆರಗು ಬಿಡಿಸಿ ಮೊದಲು ಖಣ ಇಟ್ಟಳು. ಮೇಲೆ ಅಕ್ಕಿ ಸುರಿದಳು. ಕೊಬ್ಬರಿ ಬಟ್ಟಲು, ಎಲೆಅಡಿಕೆ, ಹುಲುಗಣ್ಣನ ಸೇವಂತಿಗೆ. ಸೆರಗಿನ ತುದಿಯನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿದಳು.

"ಉಡಿ ಭಾರ ಆತಲ್ಲವ್ವ" ಎಂದಳು ಹುಲುಗಮ್ಮ.

"ತವರಿಂದು ಇದೇ ಕಡಿಗೆ ಅಲ್ಲೇನ್ರಿ" ಎಂದಳು ಭಾಗ್ಯ.

*

ಕೆರೆಯ ಹಿಂದಿನ ಹೊಲದಲ್ಲಿ ಕುಣಿ ತೋಡಿದ್ದರು. ಅದರ ಒಳಗೋಡೆಯಲ್ಲಿ ಗೂಡು ಕೊರೆದು, ಗಂಗಾಂಬಿಕಾಳನ್ನು ಅದರಲ್ಲಿ ಕೂರಿಸಿದರು. ಅಯ್ಯನವರು ವಿಭೂತಿ ಉಂಡೆಗಳನ್ನು ಸುತ್ತ ಇಡಿಸಿ ಮಂತ್ರ ಹೇಳಿದರು. ಎಲ್ಲರೂ ಪತ್ರೆ ಹಾಕಿದರು. ಹೆಂಗಸರು ಬದುವಿನ ಮೇಲೆ ನಿಂತಿದ್ದರು.

"ಮೊದಲ ಮಣ್ಣು ಗಂಡಂದು" ಎಂದ ಪಾಲಾಕ್ಷಪ್ಪ.

ಗುರುಬಸವರಾಜ ಮುಂದೆ ಬಂದ. ಅಂಗಿಯ ತೋಳು ಮೇಲಕ್ಕೇರಿಸಿ ಎರಡೂ ಕೈಯಲ್ಲಿ ಮಣ್ಣು ಬಾಚಿ ಒಳಗೆ ಹಾಕಿದ. ಅದು ಗಂಗಾಂಬಿಕಾಳ ಮಡಿಲಿಗೇ ಬಿದ್ದದ್ದು ಭಾಗ್ಯಳಿಗೆ ಕಾಣಿಸಿತು. ಮತ್ತೊಮ್ಮೆ ಬಾಚಿದ, ಮತ್ತೆ ಅಲ್ಲಿಗೇ ಹಾಕಿದ. ಆಮೇಲೆ ಹಾರೆ ಸಲಿಕೆಯವರು ಕೈ ಹಚ್ಚಿದರು. ನೋಡ ನೋಡುತ್ತ ಕುಣಿ ತುಂಬಿತು, ಮೇಲೆ ದಿಬ್ಬ ಎದ್ದಿತು. ದಿಬ್ಬಕ್ಕೆ ನೀರು ಚಿಮುಕಿಸಿದರು.

ಜನ ಕರಗತೊಡಗಿದಾಗ ಗುರುಬಸವರಾಜ ಭಾಗ್ಯಳ ಬಳಿಗೆ ಬಂದ. ಕೈಯ ಮಣ್ಣು ಟವೆಲ್ಲಿಗೆ ಒರೆಸಿಕೊಳ್ಳುತ್ತ, ಮೆಲ್ಲಗೆ, "ಮನಿಗೆ ಬರ್ಲಾ? ಬಸ್ಸಿಗೆ ಹೊತ್ತಾಗ್ತೈತಿ" ಎಂದ.

"ಯಾಕ ಭಾವ?"

"ಅದೇ, ಡಿಸ್ಕು. ಕೊಡ್ತೀನಿ ಅಂದಿದ್ದಿ."

"ಕೊಟ್ಟಾತಲ್ಲ. ಅಕ್ಕನ ಉಡ್ಯಾಗ ಇಟ್ಟೀನಿ. ಎರಡೆರಡು ಸಲ ಬಾಚಿ ನೀವೇ ಮುಚ್ಚಿದ್ರಿ."

ಅವನಿಗೆ ತಿಳಿಯಲಿಲ್ಲ. ಅವಳ ಮುಖ ನೋಡಿದ. ತಿರುಗಿ ದಿಬ್ಬ ನೋಡಿದ.

"ನಿಮ್ಮವ್ವ ಅಲ್ಲೇ ಅದಾಳ ಭಾವ" ಎಂದಳು ಭಾಗ್ಯ.

ಗುರುಬಸವರಾಜ ಓಡಿದ. ದಿಬ್ಬದ ಮೇಲೆ ಮೊಣಕಾಲೂರಿ ಬಿದ್ದು ಹಸಿಮಣ್ಣನ್ನು ಎರಡೂ ಕೈಯಿಂದ ಕೆದರತೊಡಗಿದ. "ಯವ್ವಾ!" ಎಂದು ಕೂಗಿದ. "ಯವ್ವಾ! ಯವ್ವಾ!" ಅಯ್ಯನವರು, ಪಾಲಾಕ್ಷಪ್ಪ ಓಡಿಬಂದು ಅವನ ತೋಳು ಹಿಡಿದರು. "ಮುಚ್ಚಿದ ಮ್ಯಾಲೆ ಕೆದರಬಾರ್ದಪ್ಪ, ಸಮಾಧಾನ ತಗೋ, ಆಕಿ ಹಾದಿ ಹಿಡಿದ್ಲು" ಎಂದರು. ಅವನು ಏನೋ ಹೇಳಲು ಬಾಯಿ ತೆರೆದ. ಏನೆಂದು ಹೇಳಿಯಾನು? ಹೆಂಡತಿಯ ಗೋರಿ ಅಗೆದು ತನಗೆ ಬೇಕಾದದ್ದನ್ನು ತೆಗೆದುಕೊಡಿ ಎಂದು ಇಷ್ಟು ಜನರೆದುರು ಕೇಳಲಾದೀತೇ? ಬಾಯಿ ತೆರೆದದ್ದು ತೆರೆದಂತೆಯೇ ಉಳಿದು, ಅದರಿಂದ ಮತ್ತೆ ಆ ಒಂದೇ ಕೂಗು ಬಂತು.

ಬದುವಿನ ಮೇಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಒಳಗೊಳಗ ಎಷ್ಟು ಜೀವ ಇಟ್ಟಿದ್ದ ನೋಡ್ರೇ" ಎಂದಳು ಹುಲುಗಮ್ಮ. "ನಾವು ಸುಮ್ನೆ ಆಡ್ಕೊಂಡ್ವಿ."

ಮಂಜಣ್ಣನ ಕ್ಯಾಮೆರಾ ಸದ್ದು ಮಾಡಿತು.

ಇಬ್ಬರು ಹಿಡಿದುಕೊಂಡು ಗುರುಬಸವರಾಜನನ್ನು ಕೆರೆಯ ಕಡೆ ನಡೆಸಿಕೊಂಡು ಹೋದರು. ಅವನು ಹಿಂದೆ ಹಿಂದೆ ತಿರುಗಿ ನೋಡುತ್ತಿದ್ದ. ಎಲ್ಲರೂ ಹೋದ ಮೇಲೆ ಮಂಜಣ್ಣ ಭಾಗ್ಯಳ ಹತ್ತಿರ ಬಂದು, ಬಿಸಿಲಿಗೆ ಕೈ ಅಡ್ಡ ಹಿಡಿದು ಕ್ಯಾಮೆರಾದ ಪುಟ್ಟ ಪರದೆ ತೋರಿಸಿದ.

"ಇದೊಂದು ತಗದೀನವ್ವ. ತಗಿಬಾರ್ದಿತ್ತೋ ಏನೋ. ಇರ್ಲೋ, ಅಳಿಸ್ಲೋ?"

ಭಾಗ್ಯ ಬಗ್ಗಿ ನೋಡಿದಳು. ಗುರುಬಸವರಾಜ ದಿಬ್ಬದ ಮೇಲೆ ಮೊಣಕಾಲೂರಿದ್ದ. ಬಾಯಿ ತೆರೆದಿತ್ತು. ಅಂಗನವಾಡಿಯ ಬಾಗಿಲಲ್ಲಿ ತಾಯಿ ಬಿಟ್ಟುಹೋದ ಮೊದಲ ದಿನ ಮಕ್ಕಳು ಹಾಗೆಯೇ ಬಾಯಿ ತೆರೆದು ಅಳುತ್ತವೆ.

"ಅಂಚಿನ್ಯಾಗ ನೀನೂ ಬಂದೀಯವ್ವ" ಎಂದ ಮಂಜಣ್ಣ ಅವಳತ್ತ ನೋಡದೆ. "ಬ್ಯಾಡಂದ್ರ ಅಷ್ಟು ಕತ್ತರಿಸಿಬಿಡ್ತೀನಿ."

ಪರದೆಯ ಬಲತುದಿಯಲ್ಲಿ, ಅಳುವ ಹೆಂಗಸರಿಂದ ಸ್ವಲ್ಪ ದೂರದಲ್ಲಿ, ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ಹಲ್ಲೆಲ್ಲ ಕಾಣುವಂತೆ ನಗುತ್ತ ನಿಂತಿದ್ದಳು.